ಮೊದಲ ಕ್ಲಬ್ಬಲ್ಲ, ಎರಡನೆಯದು ಯಾವುದು ಅಂತ ಕೇಳಿ

ಆಸ್ಟ್ರೇಲಿಯಾದ ಹುಡುಗನೊಬ್ಬ ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಸಹಿ ಹಾಕಿದ ದಿನ ಇಲ್ಲಿನ ಕ್ರೀಡಾಪುಟಗಳಲ್ಲಿ ಹಬ್ಬವೋ ಹಬ್ಬ. ಕೈಯಲ್ಲಿ ಹೊಸ ಜೆರ್ಸಿ, ಪಕ್ಕದಲ್ಲಿ ಅಪ್ಪ-ಅಮ್ಮ, ಕೆಳಗೆ ‘ಇಷ್ಟು ಲಕ್ಷ ಡಾಲರ್’ ಎಂಬ ಅಂದಾಜು. ಮೆಲ್ಬರ್ನ್‌ನಲ್ಲಿ ಕೂತು ಎಳೆಯ ಆಟಗಾರರ ಒಪ್ಪಂದಗಳನ್ನು ಓದಿಕೊಡುವುದು ನನ್ನ ಕಸುಬು. ಅಂಥ ಫೋಟೊ ಕಂಡಾಗ ನನಗೆ ಮೊದಲು ಏಳುವ ಪ್ರಶ್ನೆ: ಈ ಹುಡುಗ ಆಡುವ ಜಾಗದಲ್ಲಿ ಆ ತಂಡಕ್ಕೆ ಈಗಾಗಲೇ ಎಷ್ಟು ಜನ ಇದ್ದಾರೆ?

ಗರಾಂಗ್ ಕುವೊಲ್ ಕಥೆ ಬಹಳ ಜನಕ್ಕೆ ಗೊತ್ತು. ವಿಕ್ಟೋರಿಯಾದ ಶೆಪ್ಪರ್ಟನ್‌ನಲ್ಲಿ ಬೆಳೆದ ದಕ್ಷಿಣ ಸುಡಾನ್ ಮೂಲದ ಹುಡುಗ. ಇಲ್ಲಿನ ಸೆಂಟ್ರಲ್ ಕೋಸ್ಟ್ ಮರೀನರ್ಸ್ ತಂಡಕ್ಕೆ ಬೆಂಚಿನಿಂದ ಎದ್ದು ಬಂದು ಗೋಲು ಹೊಡೆಯುತ್ತಿದ್ದ. 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಅವನು ಒದ್ದ ಚೆಂಡನ್ನು ಎಮಿಲಿಯಾನೊ ಮಾರ್ಟಿನೆಜ್ ತಡೆಯದಿದ್ದರೆ ಪಂದ್ಯ 2-2 ಆಗುತ್ತಿತ್ತು. ಪೆಲೆ ನಂತರ ವಿಶ್ವಕಪ್ ನಾಕೌಟ್ ಪಂದ್ಯ ಆಡಿದವರಲ್ಲಿ ಅಂದಿಗೆ ಅವನೇ ಅತಿ ಕಿರಿಯ. ಅಷ್ಟರಲ್ಲಾಗಲೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಅವನನ್ನು ಕೊಂಡಾಗಿತ್ತು. ಆಮೇಲೆ? ಸ್ಕಾಟ್ಲೆಂಡಿನ ಹಾರ್ಟ್ಸ್‌ಗೆ ಲೋನ್ (ಅಂದರೆ ಸ್ವಲ್ಪ ಕಾಲದ ಎರವಲು), ನೆದರ್ಲೆಂಡ್ಸ್‌ನ ವೊಲೆಂಡಾಮ್‌ಗೆ ಲೋನ್. ಕಡೆಗೆ 2025ರಲ್ಲಿ ನ್ಯೂಕ್ಯಾಸಲ್ ಬಿಟ್ಟು ಪ್ರಾಗ್ ನಗರದ ಸ್ಪಾರ್ಟಾ. ನೆಸ್ಟೊರಿ ಇರಂಕುಂಡನದೂ ಹೆಚ್ಚುಕಡಿಮೆ ಇದೇ ದಾರಿ. ಅಡಿಲೇಡ್ ಯುನೈಟೆಡ್‌ನಿಂದ ಸೀದಾ ಬಯರ್ನ್ ಮ್ಯೂನಿಕ್. ಅಲ್ಲಿ ಸಿಕ್ಕಿದ್ದು ಎರಡನೇ ತಂಡದ ಜೊತೆ ಜರ್ಮನಿಯ ನಾಲ್ಕನೇ ದರ್ಜೆಯ ಲೀಗ್. ನಂತರ ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್ಸ್, 2025ರಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್. ಇವರಿಬ್ಬರ ಪ್ರತಿಭೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಏಣಿಯನ್ನು ಮೇಲಿನಿಂದ ಹತ್ತಲು ಹೊರಟರು, ಅಷ್ಟೇ.

ಮ್ಯಾಟ್ ರಯನ್ ಹಾಗೆ ಮಾಡಲಿಲ್ಲ. ಇದೇ ಮರೀನರ್ಸ್‌ನಿಂದ 2013ರಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್‌ಗೆ ಹೋದ, ಅಲ್ಲಿ ಮೊದಲ ಗೋಲ್‌ಕೀಪರ್ ಆದ. 2015ಕ್ಕೆ ಸ್ಪೇನಿನ ವೆಲೆನ್ಸಿಯಾ, 2017ಕ್ಕೆ ಇಂಗ್ಲೆಂಡಿನ ಬ್ರೈಟನ್. ಮೆಲ್ಬರ್ನ್ ಸಿಟಿಯ ಜೋರ್ಡನ್ ಬಾಸ್ 2023ರಲ್ಲಿ ಹೋಗಿದ್ದು ಬೆಲ್ಜಿಯಂನದೇ ವೆಸ್ಟರ್ಲೊಗೆ. ಆಸ್ಟ್ರೇಲಿಯಾದ ಅತಿ ಮೇಲಿನ ಲೀಗ್ ಆದ ಎ-ಲೀಗ್‌ನಲ್ಲಿ ಅದು ಆಗಿನ ಮಟ್ಟಿಗೆ ದಾಖಲೆ ಮೊತ್ತದ ವರ್ಗಾವಣೆ. ಆದರೂ ಆ ಕ್ಲಬ್ಬಿನ ಹೆಸರು ಕೇಳಿದವರು ಇಲ್ಲಿ ಎಷ್ಟು ಜನ ಇದ್ದರೋ! ಅಲ್ಲಿ ಆಡಿದ, 2025ಕ್ಕೆ ನೆದರ್ಲೆಂಡ್ಸ್‌ನ ದೊಡ್ಡ ಕ್ಲಬ್ ಫೆಯೆನೂರ್ಡ್ ಸೇರಿದ. ಒಬ್ಬನ ಲೆಕ್ಕ ಸರಿಯಾಗಿತ್ತೋ ಇಲ್ಲವೋ ಗೊತ್ತಾಗುವುದು ಎರಡನೆಯ ವರ್ಗಾವಣೆಯಲ್ಲಿ. ಇಲ್ಲಿನ ಕ್ಲಬ್ಬಿಗೂ ಅಷ್ಟೇ. ‘ಮುಂದೆ ಮಾರಿದಾಗ ಬರುವ ಲಾಭದಲ್ಲಿ ನಮಗೂ ಶೇಕಡಾ ಇಷ್ಟು’ ಎಂಬ ಕರಾರನ್ನು ಬರೆಸಿಕೊಂಡ ಕ್ಲಬ್, ಮೊದಲ ಸಲ ಸ್ವಲ್ಪ ಕಡಿಮೆಗೆ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಈ ಹುಡುಗರು 17ಕ್ಕೇ ಯಾಕೆ ಹೋಗುವುದಿಲ್ಲ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದ ಹಳೆಯ ತಾರೆ ಹ್ಯಾರಿ ಕ್ಯೂಯೆಲ್ ಕಾಲದಲ್ಲಿ ಹೋಗಬಹುದಿತ್ತು. ಅವನು 17ನೇ ವಯಸ್ಸಿನಲ್ಲೇ ಇಂಗ್ಲೆಂಡಿನ ಲೀಡ್ಸ್ ಪರ ಆಡಿದ. 2001ರ ನಂತರ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ ಬಿಗಿಯಾಯಿತು: ಕೆಲವೇ ವಿನಾಯಿತಿ ಬಿಟ್ಟರೆ, 18 ತುಂಬದವನನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವ ಹಾಗಿಲ್ಲ. ಇರಂಕುಂಡ ಬಯರ್ನ್ ಜೊತೆ ಒಪ್ಪಂದಕ್ಕೆ ಬಂದಿದ್ದು 2023ರ ನವೆಂಬರ್‌ನಲ್ಲಿ, ವಿಮಾನ ಹತ್ತಿದ್ದು 18 ತುಂಬಿದ ಮೇಲೆ, 2024ರ ಯುರೋಪಿನ ಬೇಸಿಗೆಯಲ್ಲಿ. ಈ ತಡೆಯನ್ನು ಬೈಯುವವರೇ ಹೆಚ್ಚು. ನನ್ನ ಕಣ್ಣಿಗೆ ಎ-ಲೀಗ್‌ಗೆ ಸಿಕ್ಕ ದೊಡ್ಡ ಉಪಕಾರವೇ ಇದು. 16-17ರ ಹುಡುಗ ಇಲ್ಲೇ ಉಳಿಯುತ್ತಾನೆ, ಗಡ್ಡ ಬಂದ ಡಿಫೆಂಡರುಗಳ ಮೊಣಕೈ ತಿಂದು ಬಲಿಯುತ್ತಾನೆ. ಜೊತೆಗೆ ಕೋವಿಡ್ ಹೊತ್ತಿನಲ್ಲಿ ಪ್ರತಿ ಕ್ಲಬ್ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ ಇಳಿಯಿತು, ಹಲವು ವಿದೇಶಿಯರು ಊರಿಗೆ ಮರಳಿದರು, ಎಳೆಯರಿಗೆ ಜಾಗ ತೆರೆಯಿತು. ಆಗ ಯಾರೂ ಅದನ್ನು ಯೋಜನೆ ಅಂತ ಕರೆದಿರಲಿಲ್ಲ.

ಇಂಗ್ಲೆಂಡಿನದು ಬೇರೆ ತಲೆನೋವು. ಬ್ರೆಕ್ಸಿಟ್ ನಂತರ ಕೆಲಸದ ಪರವಾನಗಿಗೆ ಅಂಕಗಳು ಬೇಕು. ರಾಷ್ಟ್ರೀಯ ತಂಡದ ಪಂದ್ಯಗಳು, ಆಡಿದ ಲೀಗಿನ ದರ್ಜೆ, ಆಡಿದ ನಿಮಿಷಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2023ರಿಂದ ಕ್ಲಬ್ಬಿಗೆ ಕೆಲವು ವಿಶೇಷ ಜಾಗ ಕೊಟ್ಟು ಸ್ವಲ್ಪ ಸಡಿಲ ಮಾಡಿದ್ದಾರೆ. ಆದರೂ ಬೆಲ್ಜಿಯಂ, ಸ್ಕಾಟ್ಲೆಂಡ್, ಡೆನ್ಮಾರ್ಕ್ ಕಡೆ ನಮ್ಮ ಹುಡುಗರು ಹೆಚ್ಚು ಕಾಣುವುದಕ್ಕೆ ಕಾರಣ ಇದ್ದೇ ಇದೆ.

ಇನ್ನು ಹಣ. ಪತ್ರಿಕೆಗಳು ಮುಟ್ಟದ, ನನ್ನ ಮೇಜಿನ ಮೇಲೆ ಮಾತ್ರ ದಿನಗಟ್ಟಲೆ ಕೂರುವ ಭಾಗ ಇದು. ಒಪ್ಪಂದದ ನಡುವೆ ಆಟಗಾರ ಶುಲ್ಕದ ಮೇಲೆ ಬೇರೆ ದೇಶದ ಕ್ಲಬ್ಬಿಗೆ ಹೋದಾಗಲೆಲ್ಲ ಆ ಶುಲ್ಕದ ಶೇ. 5ರಷ್ಟನ್ನು, ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, ಆಮೇಲೆ ವರ್ಷಕ್ಕೆ ಶೇ. 0.5. ಇಪ್ಪತ್ತು ಲಕ್ಷ ಯೂರೋಗೆ ಒಬ್ಬ ಮಾರಾಟವಾದ ಅಂತ ಇಟ್ಟುಕೊಳ್ಳಿ. ಮೊದಲ ನಾಲ್ಕು ವರ್ಷ ಅವನನ್ನು ಆಡಿಸಿದ ಬಡಾವಣೆಯ ಕ್ಲಬ್ಬಿಗೆ 20,000 ಯೂರೋ. ಶನಿವಾರ ಬೆಳಿಗ್ಗೆ ಸಾಸೇಜ್ ಸುಟ್ಟು ಮಾರಿ ಗೋಲ್‌ಪೋಸ್ಟಿಗೆ ಹೊಸ ಬಲೆ ತರುವ ಕ್ಲಬ್ಬಿಗೆ ಅದು ಸಣ್ಣ ದುಡ್ಡಲ್ಲ. ಇಲ್ಲಿ ಮಕ್ಕಳ ಫುಟ್‌ಬಾಲ್ ಬಿಟ್ಟಿಯೂ ಅಲ್ಲ. ಮೇಲಿನ ದರ್ಜೆಯ ಕಿರಿಯರ ತಂಡಕ್ಕೆ ಸೇರಿದರೆ ವರ್ಷಕ್ಕೆ ಎರಡು ಸಾವಿರ ಡಾಲರ್ ದಾಟುವುದು ಮಾಮೂಲು.

ಆದರೆ ಹಣ ಬರಬೇಕಾದರೆ ನೋಂದಣಿ ನೆಟ್ಟಗಿರಬೇಕು. 2022ರ ನವೆಂಬರ್‌ನಿಂದ ಈ ಹಣವನ್ನು ಹಂಚುವ ಫಿಫಾದ ಕ್ಲಿಯರಿಂಗ್ ಹೌಸ್ ಪ್ರತಿ ಆಟಗಾರನ ನೋಂದಣಿ ಚರಿತ್ರೆಯನ್ನು ಕಂಪ್ಯೂಟರ್‌ನಲ್ಲೇ ಜೋಡಿಸುತ್ತದೆ. ನಿರಾಶ್ರಿತರ ಶಿಬಿರದಿಂದ ಬಂದ ಕುಟುಂಬದ ಹುಡುಗನಿಗೆ ವೀಸಾದಲ್ಲಿ ಹುಟ್ಟಿದ ದಿನ ಜನವರಿ 1, ಕ್ಲಬ್ಬಿನ ಪುಸ್ತಕದಲ್ಲಿ ಇನ್ನೊಂದು, ಹೆಸರಿನ ಕಾಗುಣಿತ ಮೂರು ಬಗೆ. (ಶಾಲೆಗೆ ಸೇರಿಸಲು ಜೂನ್ ತಿಂಗಳಿಗೆ ಹುಟ್ಟುದಿನ ಬರೆಸಿಕೊಂಡ ನಮ್ಮ ಊರಿನ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕಂಪ್ಯೂಟರ್ ಅವನನ್ನು ಇಬ್ಬರು ಅಂದುಕೊಂಡರೆ ಎರಡು ವರ್ಷದ ಆಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಗ ಹಳೆಯ ತಂಡದ ಫೋಟೊ, ಶುಲ್ಕದ ರಸೀದಿ, ಕೋಚ್ ಕಳಿಸಿದ್ದ ಇಮೇಲ್ ಹುಡುಕುವುದೇ ನಮ್ಮ ಕೆಲಸ. ಕೇಳಲು ಗಡುವೂ ಇದೆ; ಅದು ದಾಟಿದರೆ ಹಕ್ಕು ಹೋಯಿತು.

ಹಣದ ಇನ್ನೊಂದು ತೊಡಕು ದೇಶದ ಒಳಗಿನದು. ಎ-ಲೀಗ್ ಕ್ಲಬ್ಬುಗಳು ಬಹುಕಾಲ ಒಂದಕ್ಕೊಂದು ವರ್ಗಾವಣೆ ಶುಲ್ಕ ಕೊಡುವ ಪದ್ಧತಿಯೇ ಇರಲಿಲ್ಲ. ಗಾಸ್ಫರ್ಡ್‌ನಂಥ ಸಣ್ಣ ಊರಿನ (ಮರೀನರ್ಸ್ ತವರು ಅದು) ಕ್ಲಬ್ ಒಬ್ಬನನ್ನು ಬೆಳೆಸಿ ಸಿಡ್ನಿಗೆ ಬಿಟ್ಟರೆ ಕೈಗೆ ಚಿಕ್ಕಾಸೂ ಬರುತ್ತಿರಲಿಲ್ಲ. ವಿದೇಶವೇ ಗತಿ. ಮರೀನರ್ಸ್ ಅದನ್ನೇ ಕಲೆ ಮಾಡಿಕೊಂಡಿತು: ಜೆಡಿನಾಕ್, ರಯನ್, ರೋಗಿಚ್, ಸೇನ್ಸ್‌ಬರಿ, ಕುವೊಲ್. ಹೀಗೆ ಮಾರುತ್ತಲೇ 2023ರಲ್ಲಿ ಮತ್ತು 2024ರಲ್ಲಿ ಲೀಗ್ ಗೆದ್ದಿತು, 2024ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಕೂಡ.

ನನ್ನಲ್ಲಿಗೆ ಬರುವ ಅಪ್ಪಂದಿರು ಹೆಚ್ಚಾಗಿ ಒಪ್ಪಂದದಿಂದ ಹೊಡೆದುಹಾಕಿ ಎನ್ನುವ ಸಾಲು ಒಂದಿದೆ: ಅಗತ್ಯಬಿದ್ದರೆ ಆಟಗಾರನನ್ನು ಆಸ್ಟ್ರೇಲಿಯಾದ ಕ್ಲಬ್ಬಿಗೆ ಲೋನ್ ಮೇಲೆ ಕಳಿಸಬಹುದು ಎಂಬುದು. ‘ಸರ್, ವಾಪಸ್ ಬಂದರೆ ಜನ ಏನಂತಾರೆ?’ ನಾನು ರೈಲಿ ಮಗ್ರೀ ಹೆಸರು ಹೇಳುತ್ತೇನೆ. 2017ರಲ್ಲಿ 18ಕ್ಕೇ ಕ್ಲಬ್ ಬ್ರೂಗ್‌ಗೆ ಹೋದ, ಜಾಗ ಸಿಗಲಿಲ್ಲ, ಮರುವರ್ಷ ಲೋನ್ ಮೇಲೆ ಇಲ್ಲಿನ ಎ-ಲೀಗ್ ತಂಡ ನ್ಯೂಕ್ಯಾಸಲ್ ಜೆಟ್ಸ್‌ಗೆ ಬಂದ. ಅದೇ ಋತುವಿನ ಸೆಮಿಫೈನಲ್‌ನಲ್ಲಿ ಗಾಳಿಯಲ್ಲಿ ಅಡ್ಡ ಹಾರಿ ಹಿಮ್ಮಡಿಯಿಂದ ಗೋಲು ಹೊಡೆದ. ವರ್ಷದ ಅತಿ ಸುಂದರ ಗೋಲಿಗೆ ಫಿಫಾ ಕೊಡುವ ಪುಸ್ಕಾಸ್ ಪ್ರಶಸ್ತಿಯ ಪಟ್ಟಿಗೆ ಹೋದ ಗೋಲು ಅದು. ಮೆಲ್ಬರ್ನ್ ಸಿಟಿ, ಅಡಿಲೇಡ್, ಬರ್ಮಿಂಗ್‌ಹ್ಯಾಮ್ ಸುತ್ತಿ 2022ರ ಜನವರಿಯಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೊ ಸೇರಿದ, ಆ ವರ್ಷದ ಕೊನೆಗೆ ವಿಶ್ವಕಪ್ ಆಡಿದ. ಆ ಸಾಲನ್ನು ಉಳಿಸಿಕೊಳ್ಳಿ, ಆದರೆ ಯಾವ ಕ್ಲಬ್ಬಿಗೆ ಎನ್ನುವುದಕ್ಕೆ ಹುಡುಗನ ಒಪ್ಪಿಗೆಯೂ ಬೇಕು ಅಂತ ಸೇರಿಸಿ ಎನ್ನುತ್ತೇನೆ. ಅರ್ಧದಷ್ಟು ಜನ ಒಪ್ಪುತ್ತಾರೆ.