ಹಕ್ಕಲು ಆಯುವುದು: ಹೊಲದಲ್ಲಿ ಉಳಿದದ್ದು ಯಾರದು?

ಕಲಬುರಗಿ ಕಡೆಯವರಿಗೆ ಹಕ್ಕಲು ಅಂದರೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ಜೋಳದ ತೆನೆ, ಉದುರಿದ ತೊಗರಿ ಕಾಯಿ, ಮಣ್ಣಲ್ಲೇ ಉಳಿದ ಶೇಂಗಾ ಆಯ್ದುಕೊಳ್ಳುವುದು. ಪರೀಕ್ಷೆಗೆ ಓದುವಾಗ ಇದನ್ನು ‘ಬಡವರ ಪಾಡು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ, ಅಲ್ವಾ? ಅಷ್ಟು ಸಾಲದು. ಉಳಿದದ್ದು ಯಾರದು ಅನ್ನುವ ಪ್ರಶ್ನೆ ಹಿಡಿದು ಓದಿ. ಆಗ ವಿಷಯ ತೆರೆದುಕೊಳ್ಳುತ್ತದೆ.

ಹಳೆಯ ಉತ್ತರ: ಅದು ಬಡವರದು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡು ಎಂದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಇದು ದಾನವಲ್ಲ, ಹೊಲದವನಿಗೆ ಹಾಕಿದ ಕಟ್ಟಳೆ.

ನಮ್ಮಲ್ಲಿ ಹೀಗೆ ಕಾಳು ಆಯ್ದು ಬದುಕುವುದಕ್ಕೆ ಉಂಛವೃತ್ತಿ ಎಂಬ ಗೌರವದ ಹೆಸರಿದೆ. ಮಹಾಭಾರತದ ಮುಂಗುಸಿಯ ಕಥೆ ನೆನಪಿಸಿಕೊಳ್ಳಿ. ಕಾಳು ಆಯ್ದು ಬದುಕುತ್ತಿದ್ದ ಬ್ರಾಹ್ಮಣನ ಮನೆಯವರು ಹಸಿದು ಬಂದ ಅತಿಥಿಗೆ ತಮ್ಮ ಪಾಲಿನ ಹಿಟ್ಟನ್ನೆಲ್ಲ ಕೊಡುತ್ತಾರೆ. ಅಲ್ಲಿ ಹೊರಳಿದ ಮುಂಗುಸಿಯ ಅರ್ಧ ಮೈ ಚಿನ್ನವಾಗುತ್ತದೆ. ಉಳಿದರ್ಧ ಯುಧಿಷ್ಠಿರನ ಅಶ್ವಮೇಧದಲ್ಲೂ ಚಿನ್ನವಾಗಲಿಲ್ಲ. ಕಥೆ ದೊಡ್ಡದೇ. ಆದರೆ ಬ್ರಾಹ್ಮಣ ಕಾಳು ಆಯ್ದರೆ ವ್ರತ, ಕೂಲಿ ಹೆಣ್ಣುಮಗಳು ಆಯ್ದರೆ ಬಡತನ! ಕೆಲಸ ಒಂದೇ, ನೋಡುವ ಕಣ್ಣು ಬೇರೆ. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ಇಂಗ್ಲೆಂಡಿನಲ್ಲಿ ಹೊಲದ ಒಡೆತನ ಗಟ್ಟಿಯಾದಂತೆ ಉತ್ತರ ತಿರುಗಿತು. 1788ರ ಸ್ಟೀಲ್ ಮತ್ತು ಹೌಟನ್ ಮೊಕದ್ದಮೆಯಲ್ಲಿ, ಹಕ್ಕಲು ಆಯಲು ಸಾಮಾನ್ಯ ಕಾನೂನಿನಲ್ಲಿ (ಕಾಮನ್ ಲಾ, ಅಂದರೆ ಕೋರ್ಟಿನ ಹಳೆಯ ತೀರ್ಪುಗಳಿಂದ ಬೆಳೆದ ಕಾನೂನು) ಯಾರಿಗೂ ಹಕ್ಕಿಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು. ಆದರೂ ಹಳ್ಳಿಯ ಹೆಂಗಸರು ಮುಂದಿನ ಶತಮಾನದಲ್ಲೂ ಆಯುತ್ತಲೇ ಇದ್ದರು. ರೂಢಿ ಕಾನೂನಿನಷ್ಟು ಬೇಗ ಸಾಯುವುದಿಲ್ಲ.

ನಮ್ಮ ಕಡೆ ಬದಲಾವಣೆ ತಂದದ್ದು ಕೋರ್ಟಲ್ಲ, ಮಷಿನ್ನು. ಕುಡುಗೋಲಿನಲ್ಲಿ ಕೊಯ್ದು, ಸಿವುಡು ಕಟ್ಟಿ ಕಣಕ್ಕೆ ಸಾಗಿಸುವಾಗ ಇಡೀ ತೆನೆ, ಇಡೀ ಕಾಯಿ ಬೀಳುತ್ತಿದ್ದವು. ಆರಿಸಿ ಉಡಿಗೆ ಹಾಕಿಕೊಳ್ಳಬಹುದಿತ್ತು. ಮಷಿನ್ ಹಾಯ್ದ ತೊಗರಿ ಹೊಲದಲ್ಲಿ ಕಾಯಿ ಒಡೆದು, ಬಿಡಿ ಕಾಳು ಹೊಟ್ಟಿನ ಕೆಳಗೆ ಸೇರಿಬಿಡುತ್ತದೆ. ಎರೆಮಣ್ಣಿನ ಬಿರುಕಿಗೆ ಬಿದ್ದರಂತೂ ಮುಗಿಯಿತು. ಕೊಯ್ಯುವ ಕೂಲಿಯೂ ಹೋಯಿತು, ಹಕ್ಕಲೂ ಹೋಯಿತು. ಎರಡೂ ಒಂದೇ ಕೈಯವು, ಹೆಚ್ಚಾಗಿ ಭೂಮಿ ಇಲ್ಲದ ಹೆಣ್ಣುಮಕ್ಕಳವು. ಶೇಂಗಾ ಹೊಲ ಬೇರೆ. ಗಿಡ ಕಿತ್ತಾಗ ಒಣಗಿದ ಮಣ್ಣಲ್ಲಿ ಕಾಯಿ ತುಂಡಾಗಿ ಉಳಿಯುತ್ತವೆ. ಖುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕೆದರಿದರೆ ಸಿಗುತ್ತವೆ.

ಹಕ್ಕಲು ಆಯುವುದು ಕಡಿಮೆಯಾಗಲು ಇನ್ನೊಂದು ಕಾರಣ ರೇಷನ್ ಅಕ್ಕಿ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹೊಟ್ಟೆಗಾಗಿ ಆಯಲೇಬೇಕೆಂಬ ಒತ್ತಡ ತಗ್ಗಿತು. ಇದು ಒಳ್ಳೆಯದೇ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ‘ಇನ್ನೂ ಹಕ್ಕಲು ಆಯ್ತೀರಾ?’ ಅನ್ನುವ ಮಾತಿನಲ್ಲಿರುವ ತಾತ್ಸಾರ ನನಗೆ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಆಹಾರ ಉಳಿಸುವ ಸೇವೆ ಅಂತ ಮರ್ಯಾದೆ ಇದೆ. ಆಯ್ದ ಬೆಳೆಯನ್ನು ಒಳ್ಳೆಯ ಮನಸ್ಸಿನಿಂದ ದಾನ ಕೊಟ್ಟವರಿಗೆ ಅಲ್ಲಿನ 1996ರ ಒಂದು ಕಾಯ್ದೆ ಕಾನೂನಿನ ಹೊಣೆಯಿಂದ ರಕ್ಷಣೆಯನ್ನೂ ಕೊಡುತ್ತದೆ.

ಊರಿಗೆ ಹೋದಾಗ ಅಜ್ಜಿಯರನ್ನು ಮಾತಾಡಿಸಿ ಬರೆದುಕೊಳ್ಳಿ: ಹೊಲದೊಳಗೆ ಕಾಲಿಡಲು ಒಡೆಯನನ್ನು ಕೇಳಬೇಕಿತ್ತಾ? ಮೊದಲ ಸರದಿ ಯಾರದು? ಯಾರನ್ನು ಹೊರಗಿಡುತ್ತಿದ್ದರು?