$ಬ = $ಅ ಅಂದರೆ ಏನು?

ಶೀರ್ಷಿಕೆಯಲ್ಲಿರುವುದು ಸುಮ್ನೆ ಬರೆದದ್ದಲ್ಲ. ಕೊನೆಗೊಂದು ಅರ್ಧವಿರಾಮ ಚಿಹ್ನೆ ಹಾಕಿದರೆ ಅದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಿಜಕ್ಕೂ ಓಡುವ ಕೋಡ್. ಈ ಭಾಷೆಯಲ್ಲಿ ವೇರಿಯಬಲ್‌ಗೆ (ಮಾಹಿತಿ ಇಟ್ಟುಕೊಳ್ಳುವ ಡಬ್ಬಿ ಅನ್ನಿ) ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು, ಮುಂದೊಂದು ಡಾಲರ್ ಚಿಹ್ನೆ ಇದ್ದರಾಯಿತು. ‘ಅ’ದಲ್ಲಿ ಇರುವುದನ್ನು ‘ಬ’ಗೆ ಕೊಡು ಎಂದು ಇದರ ಅರ್ಥ. ಆದರೆ ಕೊಡುವುದು ನಕಲನ್ನೋ, ಅಸಲನ್ನೋ? ಆಬ್ಜೆಕ್ಟ್‌ಗಳ (ಹಾಗೆಂದರೇನು ಎಂದು ಮುಂದೆ ನೋಡೋಣ) ಮಟ್ಟಿಗೆ ಪಿಎಚ್‌ಪಿ 2004ರಲ್ಲಿ ತನ್ನ ಉತ್ತರವನ್ನೇ ಬದಲಿಸಿಕೊಂಡಿತು.

ಪಿಎಚ್‌ಪಿ ಸರ್ವರ್‌ನಲ್ಲಿ ಕೂತು ವೆಬ್ ಪುಟಗಳನ್ನು ತಯಾರಿಸಿ ಕಳಿಸುವ ಭಾಷೆ. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಕೂಡ ಇದರಲ್ಲೇ ಬರೆದದ್ದು. ಹುಟ್ಟಿದ್ದು ಮಾತ್ರ ಸಣ್ಣ ಕೆಲಸಕ್ಕೆ. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಆನ್‌ಲೈನ್‌ನಲ್ಲಿದ್ದ ತಮ್ಮ ರೆಸ್ಯೂಮೆಯನ್ನು ಯಾರು ಯಾರು ನೋಡುತ್ತಾರೆಂದು ತಿಳಿಯಲು ಕೆಲವು ಪುಟ್ಟ ಪ್ರೋಗ್ರಾಂ ಬರೆದುಕೊಂಡರು. ಅದರಲ್ಲಿ ಕ್ಲಾಸೂ ಇರಲಿಲ್ಲ, ಆಬ್ಜೆಕ್ಟೂ ಇರಲಿಲ್ಲ.

ಅವು ಬಂದದ್ದು 1998ರ ಮೂರನೇ ಆವೃತ್ತಿಯಲ್ಲಿ. ಬ್ಯಾಂಕನ್ನು ನೆನೆಸಿಕೊಳ್ಳಿ. ಉಳಿತಾಯ ಖಾತೆ ಅಂದರೆ ಹೇಗಿರಬೇಕು, ಅದರಲ್ಲಿ ಏನೇನು ಮಾಡಬಹುದು ಎಂಬ ನಿಯಮ ಇದೆಯಲ್ಲ, ಅದು ಕ್ಲಾಸ್. ಆ ನಿಯಮದಂತೆ ನಿಮ್ಮ ಹೆಸರಲ್ಲಿ ತೆರೆದ ಖಾತೆ, ಆಬ್ಜೆಕ್ಟ್. ಹಣ ಕಟ್ಟುವುದು, ತೆಗೆಯುವುದು ಅದರ ಮೆಥಡ್‌ಗಳು. ಆದರೆ ಆಗಿನ ಪಿಎಚ್‌ಪಿ ಆಬ್ಜೆಕ್ಟ್ ಒಳಗಿನಿಂದ ನೋಡಿದರೆ ಹೆಚ್ಚುಕಮ್ಮಿ ಒಂದು ಅರೇ (ಹಲವು ಮಾಹಿತಿಗಳ ಪಟ್ಟಿ), ಮೇಲೊಂದು ಹೊಸ ಅಂಗಿ ಅಷ್ಟೇ. ಪಿಎಚ್‌ಪಿಯಲ್ಲಿ ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಹೋಗುವುದು ನಕಲು. ಆಬ್ಜೆಕ್ಟ್‌ಗೂ ಅದೇ ಗುಣ ಬಂತು.

ಇದರಿಂದ ಆಗುತ್ತಿದ್ದ ಪೇಚು ನೋಡಿ. ಖಾತೆಯ ಆಬ್ಜೆಕ್ಟನ್ನು ಒಂದು ಫಂಕ್ಷನ್‌ಗೆ, ಅಂದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕಿಗೆ, ಕಳಿಸುತ್ತೀರಿ. ಅದು ಅಲ್ಲಿ 500 ರೂಪಾಯಿ ಜಮಾ ಮಾಡುತ್ತದೆ. ವಾಪಸ್ ಬಂದು ನೋಡಿದರೆ ಹಣ ಇಲ್ಲ! ಪಾಸ್‌ಬುಕ್ಕಿನ ಜೆರಾಕ್ಸ್ ಮೇಲೆ 500 ಎಂದು ಬರೆದಂತೆ. ತಪ್ಪಿಸಬೇಕಾದರೆ ಬೇಕಾದ ಕಡೆಯೆಲ್ಲ & ಚಿಹ್ನೆ ಸೇರಿಸಬೇಕಿತ್ತು. ಒಂದು ಕಡೆ ಮರೆತರೂ ಎರರ್ ಬರುತ್ತಿರಲಿಲ್ಲ, ಲೆಕ್ಕ ಮಾತ್ರ ತಪ್ಪುತ್ತಿತ್ತು. ಎರರ್ ಬರುವ ತಪ್ಪಿಗಿಂತ ಇಂಥ ಮೌನದ ತಪ್ಪೇ ಜಾಸ್ತಿ ಕಾಡುವುದು, ಅಲ್ವಾ?

2004ರ ಜುಲೈಯಲ್ಲಿ ಬಂದ ಐದನೇ ಆವೃತ್ತಿ ಇದನ್ನು ಬುಡದಿಂದಲೇ ಸರಿಮಾಡಿತು. ಈಗ $ಬ ಕೈಗೆ ಸಿಗುವುದು ಜೆರಾಕ್ಸ್ ಅಲ್ಲ, ಖಾತೆ ನಂಬರು. ನಂಬರು ಇಬ್ಬರ ಹತ್ತಿರ ಇದ್ದರೂ ಖಾತೆ ಒಂದೇ. ಯಾರು ಕಟ್ಟಿದರೂ ಇಬ್ಬರಿಗೂ ಕಾಣುತ್ತದೆ. ಕ್ಲಾಸಿನ ಒಳಗಿನದನ್ನು ಯಾರು ಮುಟ್ಟಬಹುದು ಎಂದು ಹೇಳುವ ಪ್ರೈವೇಟ್, ಪ್ರೊಟೆಕ್ಟೆಡ್, ಕ್ಲಾಸಿನಲ್ಲಿ ಯಾವ ಮೆಥಡ್‌ಗಳು ಇರಲೇಬೇಕು ಎಂದು ಹೇಳುವ ಇಂಟರ್‌ಫೇಸ್ ಇತ್ಯಾದಿಗಳೂ ಇದೇ ಆವೃತ್ತಿಯಲ್ಲಿ ಬಂದವು. ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಮಾತ್ರ ಈ ನಂಬರಿನದೇ.

ನಿಜವಾಗಿಯೂ ನಕಲೇ ಬೇಕಿದ್ದರೆ ‘ಕ್ಲೋನ್’ ಎಂದು ಬಾಯಿಬಿಟ್ಟು ಕೇಳಬೇಕು. ಅಲ್ಲೂ ಒಂದು ಕೊಕ್ಕೆ ಇದೆ. ಖಾತೆಯೊಳಗೆ ಲಾಕರ್ ಎಂಬ ಇನ್ನೊಂದು ಆಬ್ಜೆಕ್ಟ್ ಇದ್ದರೆ, ಹೊಸ ಖಾತೆಗೆ ಬರುವುದು ಹಳೇ ಲಾಕರಿನ ನಂಬರೇ. ಖಾತೆ ಎರಡಾಯಿತು, ಲಾಕರ್ ಒಂದೇ ಉಳಿಯಿತು. ಅದಕ್ಕೂ ನಕಲು ಬೇಕಿದ್ದರೆ ಕ್ಲಾಸಿನಲ್ಲಿ ನಾವೇ ಬರೆದುಕೊಳ್ಳಬೇಕು. ಇನ್ನು ಅರೇಗಳು ಇವತ್ತಿಗೂ ಹಳೇ ನಿಯಮದಲ್ಲೇ ಇವೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ನಂಬರು ಹಂಚಿದ ಮೇಲೆ ಬೇರೆ ತಲೆನೋವು ಶುರುವಾಯಿತು. ಯಾರು ಯಾವಾಗ ಏನು ಬದಲಿಸಿದರೋ ಗೊತ್ತಾಗುವುದಿಲ್ಲ. ಸಾಲ ಕೊಟ್ಟ ದಿನಾಂಕವನ್ನು ಒಂದು ಫಂಕ್ಷನ್‌ಗೆ ಕಳಿಸಿದರೆ, ಕಂತಿನ ದಿನ ಲೆಕ್ಕ ಹಾಕುವಾಗ ಅದು ಮೂಲ ದಿನಾಂಕವನ್ನೇ ಒಂದು ತಿಂಗಳು ಮುಂದೆ ತಳ್ಳಿಬಿಡಬಹುದು. ಹಾಗಾಗಿ 2013ರ 5.5ನೇ ಆವೃತ್ತಿಯಲ್ಲಿ ಬದಲಾಗದ ದಿನಾಂಕದ ಕ್ಲಾಸ್ ಬಂತು. 2021ರ 8.1ರಲ್ಲಿ, ಒಮ್ಮೆ ಬರೆದರೆ ತಿದ್ದಲಾಗದ ‘ರೀಡ್‌ಓನ್ಲಿ’ ಪ್ರಾಪರ್ಟಿ (ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವ ಮಾಹಿತಿ) ಸೇರಿತು. ಆದರೆ ಲಾಕರನ್ನು ರೀಡ್‌ಓನ್ಲಿ ಮಾಡಿದರೆ ನಂಬರು ಮಾತ್ರ ಗಟ್ಟಿ. ಒಳಗಿನ ಒಡವೆಗೆ ಆ ಕಾವಲು ಇಲ್ಲ.