ಲೂಸಿಯ ನಗು ಬರೆದ ಮ್ಯಾಡೆಲಿನ್ ಪ್ಯೂ

ಕುಂಬಳೆ, ಮಂಜೇಶ್ವರದ ಕಡೆ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ನಗು ಎಂದರೆ ಹಾಸ್ಯಗಾರನದ್ದೇ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ. ಪಾರ್ತಿಸುಬ್ಬನ ಪ್ರಸಂಗಗಳಲ್ಲೂ ಅಷ್ಟೇ. ಮಾತು, ಚೇಷ್ಟೆ ಎಲ್ಲ ರಂಗಸ್ಥಳದಲ್ಲೇ ಹುಟ್ಟಬೇಕು. ಹಾಗಾಗಿ ಟಿವಿಯಲ್ಲಿ ಯಾರಾದರೂ ಬಿದ್ದು ಎದ್ದು ನಗಿಸಿದರೆ ಅದೂ ನಟರ ಕೈಚಳಕ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಬೀಳುವುದನ್ನೂ ಯಾರೋ ಮೊದಲೇ ಬರೆದಿರುತ್ತಾರೆ.

ಅಮೆರಿಕದ ಟಿವಿ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಯ ಚಾಕಲೇಟ್ ದೃಶ್ಯ ಇಂದಿಗೂ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ಬೆಲ್ಟ್ ಮೇಲೆ ಚಾಕಲೇಟ್ ಬರುತ್ತಲೇ ಇರುತ್ತದೆ. ಸುತ್ತಿ ಮುಗಿಸಲಾಗದೆ ಇಬ್ಬರು ಹೆಂಗಸರು ಬಾಯಿಗೆ, ಟೋಪಿಗೆ ತುರುಕಿಕೊಳ್ಳುತ್ತಾರೆ. ಬೀಡಿ ಕಟ್ಟಿ ಲೆಕ್ಕ ಒಪ್ಪಿಸಿದ ನಮ್ಮೂರಿನ ಹೆಂಗಸರಿಗೆ ಆ ಗಡಿಬಿಡಿ ಬಿಡಿಸಿ ಹೇಳಬೇಕಾಗಿಲ್ಲ. 1952ರ ಈ ಕಂತನ್ನು ಬರೆದ ಮೂವರಲ್ಲಿ ಒಬ್ಬರೇ ಹೆಂಗಸು, ಮ್ಯಾಡೆಲಿನ್ ಪ್ಯೂ.

ಹುಟ್ಟಿದ್ದು 1921ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಪತ್ರಿಕೋದ್ಯಮ ಓದಿ ಹೊರಬಂದಾಗ ಎರಡನೇ ಮಹಾಯುದ್ಧದ ಕಾಲ. ಗಂಡಸರು ಸೈನ್ಯಕ್ಕೆ ಹೋಗಿದ್ದರಿಂದ ರೇಡಿಯೊದಲ್ಲಿ ಬರೆಯುವ ಕೆಲಸ ಹೆಂಗಸರಿಗೂ ಸಿಕ್ಕಿತು. ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಜೊತೆಯಾದವರು ಬಾಬ್ ಕ್ಯಾರಲ್. ಇಬ್ಬರೂ ಆಗ ಸ್ಟೀವ್ ಆಲನ್ ಎಂಬ ಹಾಸ್ಯನಟನ ರೇಡಿಯೊ ಕಾರ್ಯಕ್ರಮಕ್ಕೆ ಬರೆಯುತ್ತಿದ್ದರು. ಮುಂದೆ ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್ ಅವರ ರೇಡಿಯೊ ನಾಟಕಕ್ಕೆ ಒಂದು ಕಂತು ಬರೆದು ಕೊಡುವ ಆಸೆ, ಆದರೆ ಪುರುಸೊತ್ತಿಲ್ಲ. ಆ ವಾರದ ಕಾರ್ಯಕ್ರಮವನ್ನು ನೀವೇ ಬರೆದುಕೊಳ್ಳಿ ಎಂದು ಆಲನ್‌ಗೇ ದುಡ್ಡು ಕೊಟ್ಟರು! ಎಂಥ ಧೈರ್ಯ. 1951ರಲ್ಲಿ ಲೂಸಿಲ್ ಟಿವಿಗೆ ಬಂದಾಗ ಈ ಜೋಡಿಯೂ ಬಂತು.

ನನಗೆ ಜಾಸ್ತಿ ಮೆಚ್ಚುಗೆಯಾಗುವುದು ಅವರು ಕೆಲಸ ಮಾಡಿದ ರೀತಿ. ಲೂಸಿ ಎಲ್ಲಿ ಜಾರಬೇಕು, ಏನನ್ನು ಹಿಡಿಯಬೇಕು ಎಂಬುದೆಲ್ಲ ಸ್ಕ್ರಿಪ್ಟಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಟೈಪಾಗುತ್ತಿತ್ತು. ಸುಮ್ನೆ ಬರೆದು ಕೈತೊಳೆದುಕೊಳ್ಳುತ್ತಿರಲಿಲ್ಲ. ಹೆಂಗಸೊಬ್ಬಳು ಇದನ್ನು ಮಾಡಬಹುದೇ ಎಂದು ಮ್ಯಾಡೆಲಿನ್ ತಾನೇ ಮಾಡಿ ನೋಡುತ್ತಿದ್ದರು. ಒಂದೇ ಚಕ್ರದ ಸೈಕಲ್ ಹತ್ತಿ ಗೋಡೆಗೆ ಗುದ್ದಿಕೊಂಡ ಮೇಲೆ ಆ ಚೇಷ್ಟೆಯನ್ನೇ ಕೈಬಿಟ್ಟರು.

1953ರ ಜನವರಿಯಲ್ಲಿ ಲೂಸಿಗೆ ಮಗು ಹುಟ್ಟುವ ಕಂತನ್ನು ಸುಮಾರು 4.4 ಕೋಟಿ ಜನ ನೋಡಿದರು. ‘ಗರ್ಭಿಣಿ’ ಎಂಬ ಮಾತನ್ನು ಟಿವಿಯಲ್ಲಿ ಆಡುವಂತೆಯೇ ಇರದ ಕಾಲ ಅದು.

ಕನ್ನಡದಲ್ಲಿ ಸರಿಸುಮಾರು ಅದೇ ಕಾಲಕ್ಕೆ ಟಿ. ಸುನಂದಮ್ಮ ‘ಕೊರವಂಜಿ’ ಹಾಸ್ಯ ಪತ್ರಿಕೆಯಲ್ಲಿ ಬರೆದು ನಗಿಸುತ್ತಿದ್ದರು. ಅಚ್ಚಿನಲ್ಲಿ ಬರೆದವರ ಹೆಸರು ಕಣ್ಣಿಗೆ ಬೀಳುತ್ತದೆ. ಟಿವಿಯಲ್ಲಿ ಅದು ಸರ್ರನೆ ಸರಿದು ಹೋಗುತ್ತದೆ. ನಮ್ಮಲ್ಲೂ ಶಾಲೆ, ಮಹಿಳಾ ಸಂಘಗಳ ವಾರ್ಷಿಕೋತ್ಸವಕ್ಕೆ ಪ್ರಹಸನ ಬರೆದುಕೊಡುವ ಹೆಂಗಸರಿದ್ದಾರೆ. ಆಮಂತ್ರಣದಲ್ಲಿ ಅವರ ಹೆಸರೂ ಇರಬೇಕು.

ಮ್ಯಾಡೆಲಿನ್ ಮತ್ತು ಕ್ಯಾರಲ್ ಸುಮಾರು 50 ವರ್ಷ ಜೊತೆಗೇ ಬರೆದರು. ಲೂಸಿಲ್ ಬಾಲ್ ಅವರ ಮುಂದಿನ ಧಾರಾವಾಹಿಗಳಿಗೂ ಬರೆದರು, ‘ಆಲಿಸ್’ ಎಂಬ ಧಾರಾವಾಹಿಯ ನಿರ್ಮಾಪಕರೂ ಆದರು. 2011ರಲ್ಲಿ, 90ನೇ ವಯಸ್ಸಿನಲ್ಲಿ ಮ್ಯಾಡೆಲಿನ್ ತೀರಿಕೊಂಡರು. ಅದಕ್ಕೂ 6 ವರ್ಷ ಮೊದಲು ಅವರ ನೆನಪುಗಳ ಪುಸ್ತಕ ಬಂದಿತ್ತು. ಅದನ್ನೂ ಬರೆದದ್ದು ಕ್ಯಾರಲ್ ಜೊತೆಗೇ.